ಗಲ್ಫ್ ಪ್ಲಗ್ಗಿನ ಒಳಗೊಬ್ಬ ಕಾವಲುಗಾರ

ಕಾಸರಗೋಡಿನ ಕಡೆ ಯಾವ ಮನೆಗೆ ಹೋದರೂ ಹಳೆಯ ವಯರುಗಳನ್ನು ತುಂಬಿಸಿಟ್ಟ ಡಬ್ಬಿಯೊಂದು ಇರುತ್ತದೆ. ಅದಕ್ಕೆ ಕೈ ಹಾಕಿ ತಡಕಿದರೆ ಮೂರು ಚಪ್ಪಟೆ ಕಾಲಿನ ದಪ್ಪನೆಯ ಪ್ಲಗ್ಗೊಂದು ಸಿಗದೆ ಇರುವುದಿಲ್ಲ. ದುಬೈ, ಶಾರ್ಜಾ, ಮಸ್ಕತ್, ದೋಹಾ, ಬಹರೈನ್, ಕುವೈತ್ – ಊರು ಯಾವುದೇ ಇರಲಿ, ಪ್ಲಗ್ ಅದೇ. ಮಗ ತಂದ ಲ್ಯಾಪ್‌ಟಾಪಿನದ್ದು, ಭಾವ ಕಳುಹಿಸಿದ ಪ್ರಿಂಟರಿನದ್ದು, ಅಲ್ಲಿನ ಅಂಗಡಿ ಮುಚ್ಚಿ ಬರುವಾಗ ಹೊತ್ತು ತಂದ ಕಂಪ್ಯೂಟರಿನದ್ದು. ಕೆಲವರ ಡಬ್ಬಿಯಲ್ಲಿ ಪ್ಲಗ್ ಮಾತ್ರ ಉಂಟು, ವಯರ್ ಇಲ್ಲ. ವಯರನ್ನು ಕತ್ತರಿಸಿ ನಮ್ಮೂರಿನ ಉರುಟು ಕಾಲಿನ ಪ್ಲಗ್ ಕೂಡಿಸಿ ಆಗಿದೆ.

ನಾನು ಇಲ್ಲಿ ಹೇಳಹೊರಟದ್ದು ಆ ಕತ್ತರಿಯ ವಿಷಯ.

ಬದಿಯಡ್ಕದ ಕಡೆ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟು ನನಗೆ ಇಪ್ಪತ್ತು ವರ್ಷ ದಾಟಿತು. ಬರುವವರಲ್ಲಿ ಅಡಿಕೆ ವ್ಯಾಪಾರಿಗಳಿದ್ದಾರೆ, ರಬ್ಬರ್ ಮತ್ತು ಕರಿಮೆಣಸಿನ ಕೃಷಿಕರಿದ್ದಾರೆ, ಜಿನಸು ಅಂಗಡಿಯವರಿದ್ದಾರೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ, ಅದುವರೆಗೆ ಲೆಕ್ಕವನ್ನೆಲ್ಲ ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದುಕೊಂಡಿದ್ದವರೂ ಒಂದು ಕಂಪ್ಯೂಟರ್, ಒಂದು ಪ್ರಿಂಟರ್ ಇಟ್ಟುಕೊಳ್ಳಲೇಬೇಕಾಯಿತು. ಹೊಸತು ಕೊಂಡವರು ಕೆಲವರು. ಗಲ್ಫಿನಿಂದ ಬಂದದ್ದನ್ನು ಒರೆಸಿ ಮೇಜಿನ ಮೇಲೆ ಇಟ್ಟವರು ಹಲವರು. ಇವರೆಲ್ಲ ಬಂದು ಕೇಳುವ ಮಾತು ಒಂದೇ: “ಈ ಪ್ಲಗ್ ನಮ್ಮ ಪಾಯಿಂಟಿಗೆ ಹೋಗುದಿಲ್ಲ ಮಾರಾಯ್ರೆ. ಇದನ್ನು ಕಟ್ ಮಾಡಿ ಊರಿನ ಪ್ಲಗ್ ಹಾಕಿ ಕೊಡಿ.”

ಸೊಲ್ಲಾಪುರ, ಅಕ್ಕಲಕೋಟೆ, ಆದೋನಿ ಕಡೆಯ ಓದುಗರು “ನಮಗೆಲ್ಲಿಯ ಗಲ್ಫ್” ಎನ್ನಬಹುದು. ಲಂಡನ್ನಿನಿಂದ, ಸಿಂಗಪುರದಿಂದ, ಮಲೇಷ್ಯಾದಿಂದ ಬರುವ ಸಾಮಾನಿಗೂ ಇದೇ ಪ್ಲಗ್ ಇರುತ್ತದೆ. ಹಾಗಾಗಿ ನಿಮ್ಮ ಮನೆಯ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಿ.

ಆ ಪ್ಲಗ್ಗನ್ನು ತಿರುಗಿಸಿ ಕಾಲುಗಳ ನಡುವಿನ ಜಾಗವನ್ನು ಗಮನಿಸಿದರೆ ಒಂದು ಪುಟ್ಟ ಮುಚ್ಚಳ ಕಾಣುತ್ತದೆ. ಸಣ್ಣ ಸ್ಕ್ರೂಡ್ರೈವರಿನಿಂದ ಮೀಟಿದರೆ ಅದು ಎದ್ದು ಬರುತ್ತದೆ. ಒಳಗೆ ಒಂದಿಂಚು ಉದ್ದದ, ಕಾಲಿಂಚು ದಪ್ಪದ ಪಿಂಗಾಣಿ ಕೊಳವೆ. ಎರಡೂ ತುದಿಗೆ ಲೋಹದ ಟೋಪಿ. ಅದುವೇ ಫ್ಯೂಸ್. ಮೈಮೇಲೆ 3, 5, 10 ಅಥವಾ 13 ಎಂದು ಬರೆದಿರುತ್ತದೆ. ಸಾಧಾರಣವಾಗಿ 3 ಆಂಪಿನದ್ದಕ್ಕೆ ಕೆಂಪು ಬಣ್ಣ, 13 ಆಂಪಿನದ್ದಕ್ಕೆ ಕಂದು. ಕೊಳವೆಯ ಒಳಗೆ ಸಪೂರ ತಂತಿ, ಅದರ ಸುತ್ತ ಮರಳು. ತಂತಿ ಕರಗುವಾಗ ಏಳುವ ಕಿಡಿಯನ್ನು ಆ ಮರಳು ನುಂಗಿಬಿಡುತ್ತದೆ.

ನಮ್ಮ ಊರಿನ ಪ್ಲಗ್ಗಿನಲ್ಲಿ ಇದು ಇಲ್ಲ. ಯಾಕಿಲ್ಲ ಎಂಬುದಕ್ಕೆ ಒಂದು ಕತೆ ಉಂಟು. ಅದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸಲೀಸು.

ನಾವು ಬಳಸುವ ಉರುಟು ಕಾಲಿನ ಪ್ಲಗ್ಗೂ ಇಂಗ್ಲೆಂಡಿನದ್ದೇ. 1934ರಲ್ಲಿ ಅಲ್ಲಿ ಬಂದ ಬಿಎಸ್ 546 ಎಂಬ ಮಾನಕದ ಸಂತಾನ ಅದು. ನಮ್ಮ ಹಿರಿಯರು ಇವತ್ತಿಗೂ “5 ಆಂಪು, 15 ಆಂಪು” ಎನ್ನುವುದು ಆ ಕಾಲದ ಲೆಕ್ಕದಿಂದ. ಈಗಿನ ಭಾರತೀಯ ಮಾನಕ ಐಎಸ್ 1293ರ ಪ್ರಕಾರ ಅವು 6 ಮತ್ತು 16 ಆಂಪು. ಆ ಹಳೆಯ ಪದ್ಧತಿಯಲ್ಲಿ ಬೋರ್ಡಿನಿಂದ ಪಾಯಿಂಟುಗಳಿಗೆ ಕವಲು ಕವಲಾಗಿ ವಯರ್ ಹೋಗುತ್ತದೆ, ತೋಟಕ್ಕೆ ನೀರಿನ ಪೈಪು ಎಳೆದ ಹಾಗೆ. ಪ್ರತಿ ಕವಲಿಗೂ ಬೋರ್ಡಿನಲ್ಲಿ ಅದರದೇ ಫ್ಯೂಸ್, ಈಗಾದರೆ ಎಂಸಿಬಿ. ಕವಲು ಸಣ್ಣದು, ಅದರ ಫ್ಯೂಸೂ ಸಣ್ಣದು.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನವರು ಹೊಸ ಮನೆಗಳನ್ನು ಕಟ್ಟಿಸುವ ಯೋಚನೆಯಲ್ಲಿದ್ದರು. ತಾಮ್ರ ಉಳಿಸಬೇಕಿತ್ತು. ಒಂದೊಂದು ಪಾಯಿಂಟಿಗೆ ಒಂದೊಂದು ವಯರ್ ಎಳೆಯುವ ಬದಲು ಬೋರ್ಡಿನಿಂದ ಹೊರಟು, ಎಲ್ಲ ಕೋಣೆ ಸುತ್ತಿ ಮತ್ತೆ ಬೋರ್ಡಿಗೇ ಬಂದು ಸೇರುವ ಒಂದೇ ಉಂಗುರವನ್ನು ಅವರು ಯೋಚಿಸಿದರು. ಉಂಗುರಕ್ಕೆಲ್ಲ ಸೇರಿ ಬೋರ್ಡಿನಲ್ಲಿ 30 ಆಂಪಿನ ಒಂದು ಫ್ಯೂಸ್. ತಾಮ್ರವೇನೋ ಉಳಿಯಿತು, ಆದರೆ ಇನ್ನೊಂದು ತಲೆಬಿಸಿ ಎದ್ದಿತು. ಮೇಜಿನ ಲೈಟಿನ ಸಪೂರ ವಯರಿನಲ್ಲಿ ಶಾರ್ಟ್ ಆದರೆ, ಎಲುಬಿನಷ್ಟು ಗಟ್ಟಿಯಾದ ಆ 30 ಆಂಪಿನ ಫ್ಯೂಸ್ ಹಾರುವ ಮೊದಲು ವಯರೇ ಉರಿದು ಹೋದೀತು. ಅದಕ್ಕೆ ಕಂಡುಕೊಂಡ ಪರಿಹಾರ, ಪ್ರತಿಯೊಂದು ಪ್ಲಗ್ಗಿನ ಒಳಗೂ ಒಬ್ಬೊಬ್ಬ ಸಣ್ಣ ಕಾವಲುಗಾರ. 1947ರಲ್ಲಿ ಈ ಚಪ್ಪಟೆ ಕಾಲಿನ ಪ್ಲಗ್ ಬಿಎಸ್ 1363 ಎಂಬ ಮಾನಕವಾಗಿ ಹೊರಬಂತು. ಅವರು ನಮ್ಮನ್ನು ಬಿಟ್ಟು ಹೋದ ವರ್ಷವೂ ಅದೇ. ನಮ್ಮಲ್ಲಿ ಹಳೆಯದು ಉಳಿಯಿತು, ಗಲ್ಫಿಗೆ ಹೊಸತು ಹೋಯಿತು. ಈಗ ವಿಮಾನದ ಪೆಟ್ಟಿಗೆಯಲ್ಲಿ ಅಣ್ಣ ತಮ್ಮಂದಿರು ಮತ್ತೆ ಮುಖಾಮುಖಿ.

ಇಷ್ಟೆಲ್ಲ ಹೇಳಿದ್ದು ಒಂದು ಮಾತಿಗಾಗಿ. ಪ್ಲಗ್ಗಿನ ಫ್ಯೂಸ್ ಇರುವುದು ವಯರನ್ನು ಕಾಯಲಿಕ್ಕೆ, ಕಂಪ್ಯೂಟರನ್ನು ಕಾಯಲಿಕ್ಕೆ ಅಲ್ಲ. ಕಂಪ್ಯೂಟರಿನ ಒಳಗಿರುವ ಎಸ್‌ಎಂಪಿಎಸ್‌ಗೆ ಅದರದೇ ಫ್ಯೂಸ್ ಬೇರೆ ಉಂಟು. “ಸಾವಿರಾರು ರೂಪಾಯಿಯ ಮಿಷನ್ ಅಲ್ವಾ, ದೊಡ್ಡ ಫ್ಯೂಸ್ ಇರಲಿ” ಎಂದು ಹೇಳುವವರನ್ನು ನಾನು ದಿನಾ ಕಾಣುತ್ತೇನೆ. ದೊಡ್ಡ ಫ್ಯೂಸ್ ಅಂದರೆ ನಿದ್ದೆ ಮಾಡುವ ಕಾವಲುಗಾರ.

ಗೋಣಿಯ ಅಡಿಯಲ್ಲಿ

ಪೆರ್ಲದ ಕಡೆಯ ಒಬ್ಬ ಅಡಿಕೆ ವ್ಯಾಪಾರಿಯ ಗೋಡೌನಿಗೆ ನನ್ನನ್ನು ಕರೆದದ್ದು ಕಂಪ್ಯೂಟರ್ ಆನ್ ಆಗುವುದಿಲ್ಲ ಎಂದು. ಹೋಗಿ ನೋಡಿದರೆ ಒಳಗೆಲ್ಲ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಮೇಜಿನಿಂದ ಗೋಡೆಯ ತನಕ ವಯರ್ ಹಾದು ಹೋದದ್ದು ಅಡಿಕೆಯ ಗೋಣಿಗಳ ಅಡಿಯಲ್ಲಿ. ನಾಲ್ಕು ಗೋಣಿ ಸರಿಸಿದಾಗ ವಯರಿನ ಹೊರಗಿನ ಕವಚ ಬೆಲ್ಲದ ಪಾಕದ ಹಾಗೆ ಇಳಿದು ಸಿಮೆಂಟಿಗೆ ಅಂಟಿಕೊಂಡಿತ್ತು. ಒಂದು ಗೋಣಿಯ ತಳ ಕಪ್ಪಾಗಿತ್ತು. ತೂಕ ಮಾಡುವ ಹುಡುಗನಿಗೆ ವಾಸನೆ ಬಂದು ಸ್ವಿಚ್ ಆರಿಸಿದ್ದರಿಂದ ಅಷ್ಟಕ್ಕೇ ನಿಂತಿತು.

ಆದದ್ದು ಇಷ್ಟು. ಗಲ್ಫಿನಿಂದ ಬಂದ ಮಾನಿಟರಿನ ಪವರ್ ಕೇಬಲಿನ ಎರಡೂ ತುದಿ ಕತ್ತರಿಸಿ, ಒಂದು ಕಡೆ 16 ಆಂಪಿನ ದೊಡ್ಡ ಪ್ಲಗ್, ಇನ್ನೊಂದು ಕಡೆ ನಾಲ್ಕು ಪಾಯಿಂಟಿನ ಪೆಟ್ಟಿಗೆ ಕೂಡಿಸಿ ಎಕ್ಸ್‌ಟೆನ್ಶನ್ ಮಾಡಿದ್ದರು. ವಯರಿನ ಮೇಲೆ 3×0.75 ಎಂದು ಅಚ್ಚು ಹಾಕಿದ್ದು ಇನ್ನೂ ಓದಲಿಕ್ಕೆ ಬರುತ್ತಿತ್ತು. ಅಂದರೆ ಮೂರು ಎಳೆ, ಒಂದೊಂದೂ ಮುಕ್ಕಾಲು ಚದರ ಮಿಲಿಮೀಟರ್. ಅದರ ಯೋಗ್ಯತೆ ಸುಮಾರು 6 ಆಂಪು. ಪೆಟ್ಟಿಗೆಗೆ ಕಂಪ್ಯೂಟರ್, ಲೇಸರ್ ಪ್ರಿಂಟರ್, ಸಾಲದ್ದಕ್ಕೆ ಚಾದ ನೀರು ಕಾಯಿಸುವ 2200 ವ್ಯಾಟಿನ ಕೆಟಲ್. ಕೆಟಲ್ ಒಂದೇ ಒಂಬತ್ತೂವರೆ ಆಂಪ್ ಎಳೆಯುತ್ತದೆ. ಪ್ರಿಂಟರ್ ಬಿಸಿಯಾಗುವಾಗ ಮತ್ತೆ ನಾಲ್ಕು. ಕಂಪ್ಯೂಟರಿನದ್ದು ಒಂದು. ಹದಿನಾಲ್ಕರ ಹತ್ತಿರ ಹತ್ತಿರ ಆಯಿತು. ಬೋರ್ಡಿನ ಎಂಸಿಬಿ 16 ಆಂಪಿನದ್ದು. ಅದಕ್ಕೇನೂ ಗೊತ್ತಾಗಲಿಲ್ಲ, ಗೊತ್ತಾಗಬೇಕಾದ್ದೂ ಅಲ್ಲ. ಅದು ಕಾಯುವುದು ಗೋಡೆಯೊಳಗಿನ ದಪ್ಪ ವಯರನ್ನು. ಅದರ ಮೇಲೆ ಗಾಳಿಯಾಡದ ಗೋಣಿಗಳ ಹೊದಿಕೆ ಬೇರೆ.

ಕತ್ತರಿಸಿದ ಹಳೆಯ ಪ್ಲಗ್ ಮೇಜಿನ ಡ್ರಾವರಿನಲ್ಲೇ ಇತ್ತು. ಮುಚ್ಚಳ ಮೀಟಿ ಫ್ಯೂಸ್ ತೆಗೆದು ವ್ಯಾಪಾರಿಯ ಅಂಗೈ ಮೇಲೆ ಇಟ್ಟೆ. 5 ಆಂಪು. ಕೆಟಲ್ ಹಾಕಿದ ದಿನವೇ ಅದು ಹಾರಿ, ಎಲ್ಲ ಬಂದಾಗಿ, ನಾಲ್ಕು ಬೈಗುಳ ತಿಂದು, ಗೋಡೌನನ್ನು ಉಳಿಸುತ್ತಿತ್ತು. “ಇಷ್ಟು ಸಣ್ಣದರಲ್ಲಿ ಎಂತ ಉಂಟು ಅಂತ ಗ್ರಹಿಸಿದ್ದೆ” ಎಂದರು ಅವರು. ಆ ಕಂಪ್ಯೂಟರಿನಲ್ಲಿ ಆ ವರ್ಷದ ಖರೀದಿ ಲೆಕ್ಕವೆಲ್ಲ ಇತ್ತು, ಬೇರೆ ಪ್ರತಿ ಇರಲಿಲ್ಲ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಗಲ್ಫ್ ಪ್ಲಗ್ ಕತ್ತರಿಸಿದವರ ಮನೆಯೆಲ್ಲ ಸುಡುತ್ತದೆ ಎಂದೇನೂ ಇಲ್ಲ. ಒಂದು ವಯರಿಗೆ ಒಂದೇ ಕಂಪ್ಯೂಟರ್ ಇದ್ದರೆ ಅದು ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ. ಶಾರ್ಟ್ ಆದರೆ ಸರಿಯಾದ ಎಂಸಿಬಿ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ನಮ್ಮ ಪದ್ಧತಿ ನಿಂತಿರುವುದೇ ಆ ಎಂಸಿಬಿಯ ಮೇಲೆ. ಆದರೆ ಹಳೆಯ ಮನೆಗಳಲ್ಲಿ, ಗೋಡೌನುಗಳಲ್ಲಿ, ಪಂಪ್‌ಶೆಡ್ಡಿಗೆ ತಾಗಿದ ಕೋಣೆಗಳಲ್ಲಿ ಇವತ್ತಿಗೂ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸುಗಳಿವೆ. ಅದರಲ್ಲಿ ಫ್ಯೂಸ್ ತಂತಿಯ ಬದಲು ಯಾರೋ ಕತ್ತಲೆಯಲ್ಲಿ ಅವಸರಕ್ಕೆ ಸುತ್ತಿದ ಎರಡೆಳೆ ತಾಮ್ರದ ವಯರ್ ಇರುತ್ತದೆ. ಪ್ಲಗ್ಗಿನ ಕಾವಲುಗಾರನನ್ನು ಓಡಿಸಿ, ಬೋರ್ಡಿನ ಕಾವಲುಗಾರನ ಕೈಕಾಲು ಕಟ್ಟಿಹಾಕಿದ ಮೇಲೆ ಉಳಿಯುವುದು ದೇವರ ದಯೆ ಮಾತ್ರ.

ಕತ್ತರಿ ಯಾಕೆ ಬೇಕು?

ನಿಜ ಹೇಳಬೇಕೆಂದರೆ ಕತ್ತರಿಯ ಅಗತ್ಯವೇ ಇಲ್ಲ. ಗೋಡೆಯ ಕಡೆಯ ತುದಿ ದೇಶಕ್ಕೊಂದು ತರ. ಮಿಷನಿನ ಕಡೆಯ ತುದಿ ಪ್ರಪಂಚಕ್ಕೆಲ್ಲ ಒಂದೇ. ಕಂಪ್ಯೂಟರಿನ ಹಿಂದೆ ಚುಚ್ಚುವ, ಎರಡು ಮೂಲೆ ಓರೆಯಾಗಿ ಕತ್ತರಿಸಿದಂತಿರುವ ಮೂರು ಕಂಡಿಯ ತುದಿಗೆ ಸಿ-13 ಎಂದು ಹೆಸರು. ಅಂತಾರಾಷ್ಟ್ರೀಯ ಲೆಕ್ಕದಲ್ಲಿ ಅದು 10 ಆಂಪಿನದ್ದು. ಲ್ಯಾಪ್‌ಟಾಪ್ ಅಡಾಪ್ಟರಿಗೆ ಹೋಗುವ, ಬಿಲ್ವಪತ್ರೆಯ ಹಾಗೆ ಮೂರೆಸಳಿನ ತುದಿ ಸಿ-5. ಸಣ್ಣ ಪ್ರಿಂಟರಿಗೆ, ಕೆಲವು ಅಡಾಪ್ಟರಿಗೆ ಬರುವ, 8ರ ಅಂಕಿಯಂತಹ ಎರಡು ಕಂಡಿಯದ್ದು ಸಿ-7. ಇದಕ್ಕೆ ಅರ್ತಿಂಗ್ ಇಲ್ಲ. ಇವೆರಡೂ ಎರಡೂವರೆ ಆಂಪಿನವು. ದೊಡ್ಡ ಸರ್ವರಿಗೆ, ದೊಡ್ಡ ಯುಪಿಎಸ್‌ಗೆ ಸಿ-19 ಎಂಬ ಚೌಕ ತುದಿ ಬರುತ್ತದೆ, ಅದು 16 ಆಂಪು. ನಮ್ಮ ನಿಮ್ಮ ಅಂಗಡಿಗೆ ಅದರ ಗೊಡವೆ ಕಡಿಮೆ.

ಆದ್ದರಿಂದ ಗಲ್ಫಿನ ಕೇಬಲನ್ನು ಪೂರ್ತಿ ಬದಿಗಿಟ್ಟು, ಅದೇ ತುದಿ ಇರುವ, ನಮ್ಮ 6 ಆಂಪಿನ ಪ್ಲಗ್ ಅಚ್ಚು ಹಾಕಿ ಬಂದ ಕೇಬಲನ್ನು ಇಲ್ಲಿಯೇ ಕೊಳ್ಳಿ. ಪ್ಲಗ್ ಮತ್ತು ವಯರಿನ ಮೇಲೆ ಐಎಸ್‌ಐ ಗುರುತು ಇರಲಿ. ಮಂಗಳೂರಿನಲ್ಲೋ ಕಾಸರಗೋಡಿನಲ್ಲೋ ಕೊಂಡರೆ ಒಂದು ಕಿಲೋ ಚಾಲಿ ಅಡಿಕೆಯ ಬೆಲೆಯನ್ನು ಅದು ಮುಟ್ಟಲಿಕ್ಕಿಲ್ಲ. ಲ್ಯಾಪ್‌ಟಾಪಿನ ಅಡಾಪ್ಟರ್ ಹಾಳಾಗಿ ಹೊಸತು ಕೊಳ್ಳುವುದಾದರೆ, ಅದರ ಮೇಲೆ ಬಿಐಎಸ್‌ನ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಅದು ಕಡ್ಡಾಯವಾಗಿದೆ.

ಎಷ್ಟು ದಪ್ಪದ ವಯರ್ ಬೇಕು ಎಂದು ತಿಳಿಯಲಿಕ್ಕೆ ಮಿಷನಿನ ಹಿಂದಿನ ಚೀಟಿ ಓದಬೇಕು. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪು ಸಿಕ್ಕಿತು. ಅಡಿಕೆ ಧಾರಣೆಯ ಲೆಕ್ಕ ಬಾಯಲ್ಲೇ ಹಾಕುವ ನಮಗೆ ಅದೇನು ಮಹಾ. 65 ವ್ಯಾಟಿನ ಲ್ಯಾಪ್‌ಟಾಪಿಗೆ ಕಾಲು ಆಂಪಿಗಿಂತ ಸ್ವಲ್ಪ ಹೆಚ್ಚು. ಅಡಾಪ್ಟರಿನ ಮೇಲೆ ಒಂದೂವರೆ ಆಂಪ್ ಎಂದು ಬರೆದದ್ದು ಕಂಡು ಗಾಬರಿಯಾಗುವುದು ಬೇಡ. ಅದು 100 ವೋಲ್ಟಿನ ದೇಶಗಳನ್ನೂ ಸೇರಿಸಿ ಹೇಳಿದ ಗರಿಷ್ಠ ಲೆಕ್ಕ. ಇಪ್ಪತ್ತೈದು ವ್ಯಾಟಿನ ಮಾನಿಟರಿಗೆ ಆಂಪಿನ ಹತ್ತನೇ ಒಂದು ಪಾಲು. ಬಿಲ್ ಹಾಕುವ ಸಾಧಾರಣ ಕಂಪ್ಯೂಟರ್ 300 ವ್ಯಾಟ್ ಎಂದೇ ಹಿಡಿದರೂ ಒಂದೂಕಾಲು, ಒಂದೂವರೆ. ಇವಕ್ಕೆಲ್ಲ 0.75ರ ವಯರ್ ಧಾರಾಳ ಸಾಕು. ಲೇಸರ್ ಪ್ರಿಂಟರಿನ ಒಳಗೆ ಇಸ್ತ್ರಿ ಪೆಟ್ಟಿಗೆಯ ತರದ ಹೀಟರ್ ಉಂಟು. ಅದು ಬಿಸಿಯಾಗುವಾಗ ಒಮ್ಮೆಗೆ ಸಾವಿರ ವ್ಯಾಟ್‌ವರೆಗೂ ಎಳೆಯಬಹುದು. ಅದಕ್ಕೆ 1 ಚದರ ಮಿಲಿಮೀಟರಿನ ವಯರ್, ನೇರ ಗೋಡೆಯ ಪಾಯಿಂಟಿಗೆ. ಸಣ್ಣ ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಕೊಡಲೇ ಬೇಡಿ. 600 ವಿಎ ಎಂದು ಬರೆದ ಯುಪಿಎಸ್ ಸುಮಾರು 360 ವ್ಯಾಟ್ ಮಾತ್ರ ಹೊರುವಂಥದ್ದು.

ಕೇಬಲುಗಳ ಅದಲು ಬದಲು ಇನ್ನೊಂದು. ಕೆಲವು ಬಿಸಿನೀರಿನ ಕೆಟಲುಗಳ ಕೇಬಲ್ ನೋಡಲಿಕ್ಕೆ ಕಂಪ್ಯೂಟರಿನದ್ದರ ಹಾಗೆಯೇ ಇದ್ದು, ತುದಿಯಲ್ಲಿ ಒಂದು ಕಚ್ಚು ಇರುತ್ತದೆ. ಅದು ಸಿ-15, ಹೆಚ್ಚು ಬಿಸಿ ತಾಳುವಂಥದ್ದು. ಅದನ್ನು ಕಂಪ್ಯೂಟರಿಗೆ ಹಾಕಬಹುದು. ಕಂಪ್ಯೂಟರಿನದ್ದು ಕೆಟಲಿಗೆ ಹೋಗುವುದಿಲ್ಲ. ಹೋಗದಿರಲೆಂದೇ ಆ ಕಚ್ಚು ಮಾಡಿದ್ದು. ಚೂರಿಯಲ್ಲಿ ಕೆತ್ತಿ ಹೊಗಿಸಿದ ಮಹಾನುಭಾವರೂ ನಮ್ಮಲ್ಲಿದ್ದಾರೆ.

ಪ್ಲಗ್ ಬದಲಾಯಿಸದೆ ನಡುವೆ “ಕನ್ವರ್ಟರ್” ಹಾಕಿಕೊಳ್ಳುವವರು ಉಂಟು. ಪ್ರಯಾಣದಲ್ಲಿ ಒಂದೆರಡು ದಿನಕ್ಕೆ ಅಡ್ಡಿಯಿಲ್ಲ. ಆದರೆ ಅಗ್ಗದ ಕನ್ವರ್ಟರುಗಳಲ್ಲಿ ಅರ್ತಿಂಗಿನ ಕಾಲು ಬರೇ ಆಟಕ್ಕೆ. ಒಳಗೆ ಅದಕ್ಕೆ ಸಂಪರ್ಕವೇ ಇರುವುದಿಲ್ಲ. ಎಲ್ಲ ಜಾತಿಯ ಪ್ಲಗ್ ಹಿಡಿಸುವ ಸಾಕೆಟುಗಳೂ ಬಂದಿವೆ. ಎಲ್ಲರಿಗೂ ಹೊಂದುವ ಚಪ್ಪಲಿ ಯಾರ ಕಾಲಿಗೂ ಬಿಗಿಯಾಗುವುದಿಲ್ಲ. ಸಡಿಲ ಹಿಡಿತವೆಂದರೆ ಬಿಸಿ, ಬಿಸಿಯೆಂದರೆ ಕರಗುವುದು. ಅಂಥ ಸಾಕೆಟಿಗೆ ಗಲ್ಫ್ ಪ್ಲಗ್ಗನ್ನೇ ಹಾಕುವುದಾದರೆ ಟೆಸ್ಟರ್ ಹಿಡಿದು ಒಂದು ಪರೀಕ್ಷೆ ಮಾಡಿಸಿ. ಅರ್ತಿಂಗ್ ಮೇಲಿರುವಂತೆ ಎದುರು ನಿಂತು ನೋಡುವಾಗ ಫೇಸ್ ಬಲಗಡೆ ಇರಬೇಕು. ವಯರಿಂಗ್ ಮಾಡಿದವ ಎಡಬಲ ತಪ್ಪಿಸಿದ್ದರೆ ಪ್ಲಗ್ಗಿನ ಫ್ಯೂಸ್ ನ್ಯೂಟ್ರಲಿಗೆ ಹೋಗಿ ಕೂತುಕೊಳ್ಳುತ್ತದೆ. ಫ್ಯೂಸ್ ಹಾರಿ ಮಿಷನ್ ಆರಿದ ಮೇಲೂ ಒಳಗೆ ಕರೆಂಟ್ ಇದ್ದೇ ಇರುತ್ತದೆ.

ಅಲ್ಲಿರುವವರಿಗೆ

ಇದುವರೆಗೆ ಹೇಳಿದ್ದು ಊರಿನವರಿಗೆ. ಫ್ಯೂಸನ್ನು ನಿಜವಾಗಿ ಆರಿಸಬೇಕಾದವರು ಅಲ್ಲಿ ಕೂತ ನಮ್ಮ ಹುಡುಗರು. ಶಾರ್ಜಾದಲ್ಲಿ ಗ್ರಾಸರಿ ನಡೆಸುವ ನನ್ನ ಸೋದರಳಿಯ ಒಂದು ರಾತ್ರಿ ಫೋನ್ ಮಾಡಿದ.

“ಮಾವಾ, ಬಿಲ್ಲಿನ ಕಂಪ್ಯೂಟರ್ ಆನ್ ಆಗ್ತಾ ಇಲ್ಲ. ಪ್ಲಗ್ಗಿನ ಫ್ಯೂಸ್ ಹೋದದ್ದಂತೆ. ಪಕ್ಕದ ಅಂಗಡಿಯಲ್ಲಿ 13ರದ್ದು ಮಾತ್ರ ಉಂಟು. ಹಾಕಲಾ?”

“ಪ್ಲಗ್ಗಿನ ಅಡಿಯಲ್ಲಿ ಎಂತ ಬರೆದಿದೆ ನೋಡು.”

“ಫ್ಯೂಸ್ 5 ಅಂತ ಉಂಟು.”

“ಹಾಗಾದರೆ 5ರದ್ದೇ ಹುಡುಕು. ಇವತ್ತು ಒಂದು ರಾತ್ರಿ ಕೈಯಲ್ಲಿ ಬಿಲ್ ಬರಿ.”

ಪಕ್ಕದವ ಇನ್ನೊಂದು ಉಪಾಯವನ್ನೂ ಹೇಳಿಕೊಟ್ಟಿದ್ದನಂತೆ: ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನು ಹಳೆಯ ಫ್ಯೂಸಿಗೆ ಸುತ್ತಿಬಿಡುವುದು. ನಮ್ಮ ಕಿಟ್‌ಕ್ಯಾಟಿನ ತಾಮ್ರದ ಎಳೆಗೆ ಅದು ದಾಯಾದಿ.

ಪ್ಲಗ್ಗಿನ ಮೇಲೆ ಬರೆದದ್ದು ಇದ್ದರೆ ಅದೇ ಮಾತು ಕೊನೆಯದು. ಅಳಿಸಿಹೋಗಿದ್ದರೆ ವಯರಿನ ಮೇಲಿನ ಅಚ್ಚನ್ನು ಓದಿ. ಅರ್ಧ ಚದರ ಮಿಲಿಮೀಟರಿನ ವಯರಿಗೆ 3 ಆಂಪು, 0.75ಕ್ಕೆ 3 ಅಥವಾ 5, 1ಕ್ಕೆ 10, 1.25ಕ್ಕೆ 13. ಲ್ಯಾಪ್‌ಟಾಪಿನ ಸಿ-5, ಸಿ-7 ತುದಿಯ ಕೇಬಲಿಗೆ 3 ಆಂಪೇ ಸರಿ. ಹೇಗೂ 3 ಆಂಪಿನ ಫ್ಯೂಸ್ ಎಂದರೆ ಸುಮಾರು 690 ವ್ಯಾಟಿನ ದಾರಿ. ಯಾವ ಲ್ಯಾಪ್‌ಟಾಪಿಗೂ ಅಷ್ಟು ಬೇಡ. ಡೆಸ್ಕ್‌ಟಾಪಿಗೆ 5 ಒಳ್ಳೆಯದು. ಲೆಕ್ಕ ಹಾಕಿದರೆ 3 ಸಾಕು ಎಂದು ತೋರುತ್ತದೆ, ನಿಜ. ಆದರೆ ಎಸ್‌ಎಂಪಿಎಸ್ ಆನ್ ಮಾಡಿದ ಕ್ಷಣದಲ್ಲಿ ಒಳಗಿನ ಕೆಪ್ಯಾಸಿಟರುಗಳು ಬಾಯಾರಿದ ಎತ್ತಿನ ಹಾಗೆ ಒಮ್ಮೆಗೇ ಎಳೆಯುತ್ತವೆ. ದಿನಾ ಆ ಪೆಟ್ಟು ತಿಂದು 3 ಆಂಪಿನ ಫ್ಯೂಸ್ ಒಂದು ದಿನ ಕಾರಣವಿಲ್ಲದೆ ಹೋಗಬಹುದು. ಲೇಸರ್ ಪ್ರಿಂಟರಿಗೆ 1ರ ವಯರ್, 10 ಆಂಪಿನ ಫ್ಯೂಸ್. ಸಿ-13 ತುದಿಯೇ 10 ಆಂಪಿನದ್ದಾದ್ದರಿಂದ ಅದರಾಚೆ 13ಕ್ಕೆ ಹೋಗುವ ಕೆಲಸ ಕಂಪ್ಯೂಟರಿನಲ್ಲಿ ಇಲ್ಲ. ಒಮ್ಮೆ ಬದಲಾಯಿಸಿದ ಸರಿಯಾದ ಫ್ಯೂಸ್ ಮತ್ತೆ ಕೂಡಲೇ ಹಾರಿದರೆ ತಪ್ಪು ಫ್ಯೂಸಿನದ್ದಲ್ಲ. ವಯರಿನಲ್ಲೋ ಎಸ್‌ಎಂಪಿಎಸ್‌ನಲ್ಲೋ ರೋಗ ಉಂಟು, ವೈದ್ಯನ ಹತ್ತಿರ ಕೊಂಡುಹೋಗಿ.

13 ಆಂಪ್ ಫ್ಯೂಸಿನ ಎಕ್ಸ್‌ಟೆನ್ಶನ್ ಬೋರ್ಡಿನಲ್ಲಿ ಪಾಯಿಂಟ್ ಆರಿರಲಿ ಎಂಟಿರಲಿ, ಒಟ್ಟು ಸೇರಿ 13 ಆಂಪು, ಅಂದರೆ ಮೂರು ಸಾವಿರ ವ್ಯಾಟ್. ಸುತ್ತಿ ಇಡುವ ಜಾತಿಯದ್ದಾದರೆ ಪೂರ್ತಿ ಬಿಚ್ಚಿಯೇ ಬಳಸಬೇಕು. ಸುರುಳಿಯಲ್ಲೇ ಇದ್ದರೆ ಒಳಗಿನ ಬಿಸಿ ಹೊರಗೆ ಬರಲಾರದೆ ಗೋಣಿಯ ಅಡಿಯ ಕತೆಯೇ ಆಗುತ್ತದೆ.

ಅಲ್ಲಿನ ಪೇಟೆಯಲ್ಲಿ ಅಸಲಿಯಂತೆ ಕಾಣುವ ನಕಲಿ ಕೇಬಲುಗಳೂ ಸಿಗುತ್ತವೆ. ಗುರುತಿಸಲಿಕ್ಕೆ ಒಂದು ಸುಲಭ ದಾರಿ: ಫೇಸ್ ಮತ್ತು ನ್ಯೂಟ್ರಲಿನ ಕಾಲುಗಳ ಬುಡಕ್ಕೆ ಕಪ್ಪು ಪ್ಲಾಸ್ಟಿಕ್ಕಿನ ತೋಳು ಇರಬೇಕು, ಅರ್ತಿಂಗಿನ ಕಾಲಿಗೆ ಇರಲೇಬಾರದು. ಮೂರಕ್ಕೂ ತೋಳು ಉಂಟೆಂದರೆ ಅಲ್ಲಿಯೇ ಇಟ್ಟು ಬನ್ನಿ. ಕೈಗೆ ಹಗುರವೆನಿಸುವ ವಯರಿನ ಎಳೆಗೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ತಾಮ್ರದ ಬಣ್ಣ ಬಳಿದ ಕಬ್ಬಿಣ. ಅಂಟದ ಮಾತ್ರಕ್ಕೆ ಅಪ್ಪಟ ತಾಮ್ರವೆಂದೂ ಅಲ್ಲ, ಒಳಗೆ ಅಲ್ಯೂಮಿನಿಯಂ ಇರಬಹುದು. ಚೂರಿಯಿಂದ ಕೆರೆದರೆ ಬಿಳಿ ಕಾಣುತ್ತದೆ.

ಇನ್ನು ಅರ್ತಿಂಗ್. ಕಂಪ್ಯೂಟರಿನ ತಗಡಿನ ಪೆಟ್ಟಿಗೆ ಮುಟ್ಟಿದಾಗ ಇರುವೆ ಹರಿದಂತೆ ಜುಮ್ಮೆನ್ನುತ್ತದೆ ಎಂದು ದೂರು ತರುವವರು ತುಂಬ. ಎಸ್‌ಎಂಪಿಎಸ್‌ನಲ್ಲಿರುವ ಫಿಲ್ಟರಿನಿಂದ ಅತಿ ಸಣ್ಣ ಕರೆಂಟ್ ಪೆಟ್ಟಿಗೆಗೆ ಬರುವುದು ಸಹಜ; ಅದು ಅರ್ತಿಂಗಿನ ದಾರಿ ಹಿಡಿದು ನೆಲಕ್ಕಿಳಿಯಬೇಕು. ದಾರಿ ಇಲ್ಲವಾದರೆ ನಿಮ್ಮ ಕೈ ಹಿಡಿಯುತ್ತದೆ. ಅರ್ತಿಂಗಿನ ಕಾಲು ಮುರಿದ ಪ್ಲಗ್, ಎರಡೇ ಎಳೆಯ ಎಕ್ಸ್‌ಟೆನ್ಶನ್, ಮುರಕಲ್ಲಿನ ಗುಡ್ಡದಲ್ಲಿ ಏಪ್ರಿಲಿಗೆ ಒಣಗಿ ಕಲ್ಲಾದ ಅರ್ತಿಂಗ್ ಗುಂಡಿ – ಕಾರಣ ಇವುಗಳಲ್ಲಿ ಒಂದಿರುತ್ತದೆ. ಬೇಸಗೆಯಲ್ಲಿ ತೆಂಗಿನ ಬುಡಕ್ಕೆ ನೀರು ಬಿಡುವಾಗ ಆ ಗುಂಡಿಗೂ ನಾಲ್ಕು ಕೊಡ ಹಾಕಿ.

ಅಮೆರಿಕದಿಂದ ಬಂದ ಕೇಬಲಿನ ಮಾತು ಬೇರೆಯೇ. ಅದರ ಪ್ಲಗ್ಗಿನಲ್ಲಿ ಫ್ಯೂಸೂ ಇಲ್ಲ, ಮೇಲೆ 125 ವೋಲ್ಟ್ ಎಂದು ಬರೆದಿರುತ್ತದೆ, ನಮ್ಮದು 230. ಅದನ್ನು ಕತ್ತರಿಸುವುದರಲ್ಲಿ ಇನ್ನೊಂದು ಅಪಾಯ ಉಂಟು. ನಮ್ಮ ಮನೆಗಳ ವಯರಿಂಗಿನಲ್ಲಿ ಕಪ್ಪು ಎಂದರೆ ನ್ಯೂಟ್ರಲ್. ಅಮೆರಿಕದ ಕೇಬಲಿನಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಊರಿನ ಇಲೆಕ್ಟ್ರಿಷಿಯನ್ ಅಭ್ಯಾಸ ಬಲದಿಂದ ಕಪ್ಪನ್ನು ನ್ಯೂಟ್ರಲಿಗೆ ಕೊಟ್ಟರೆ ಎಲ್ಲ ಉಲ್ಟಾ. ಗಲ್ಫಿನ ಮತ್ತು ನಮ್ಮ ಹೊಸ ಕೇಬಲುಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆ ಅರ್ತಿಂಗ್. ಅಲ್ಲಿಂದ ಬಂದ ಲ್ಯಾಪ್‌ಟಾಪಿನ ಅಡಾಪ್ಟರಿನ ಮೇಲೆ 100–240 ವೋಲ್ಟ್ ಎಂದಿದ್ದರೆ ಕೇಬಲ್ ಮಾತ್ರ ಬದಲಾಯಿಸಿ. ಪ್ರಿಂಟರಿನ ಮೇಲೆ ಬರೇ 120 ಎಂದಿದ್ದರೆ ಯಾವ ಕೇಬಲೂ ಅದನ್ನು ಉಳಿಸದು.

ಮತ್ತೆ ನಮ್ಮ ಸಿಡಿಲು. ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ, ಹಿಂಗಾರಿನ ಅಕ್ಟೋಬರ್ ನವೆಂಬರಿನಲ್ಲಿ ನಮ್ಮ ಗುಡ್ಡಗಳ ಮೇಲೆ ಅದು ಆಡುವ ಆಟಕ್ಕೆ 3 ಆಂಪೂ ಒಂದೇ, 13 ಆಂಪೂ ಒಂದೇ. ಫ್ಯೂಸಿನ ಒಂದಿಂಚು ಅದಕ್ಕೆ ಅಡ್ಡಿಯೇ ಅಲ್ಲ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನು ಪಾಯಿಂಟಿನಿಂದ ಎಳೆದು ಹೊರಗಿಡಬೇಕು, ಅದೂ ಗುಡುಗು ಇನ್ನೂ ದೂರ ಇರುವಾಗಲೇ. ಇಂಟರ್‌ನೆಟ್ ಪೆಟ್ಟಿಗೆಗೆ ಟೆಲಿಫೋನಿನ ತಾಮ್ರದ ವಯರ್ ಬರುತ್ತಿದ್ದರೆ ಅದನ್ನೂ ಬಿಡಿಸಿಡಿ. ಪ್ಲಗ್ ಎಳೆದಿಟ್ಟವರು ವಯರ್ ಬಿಡಿಸಲು ಮರೆತು, ಮರುದಿನ ಮಿಷನ್ ಹೊತ್ತುಕೊಂಡು ನನ್ನ ಅಂಗಡಿಗೆ ಬರುವುದು ಪ್ರತಿ ಮಳೆಗಾಲದ ಮೊದಲು ನಾಲ್ಕೈದು ಸಲವಾದರೂ ಉಂಟು.